ನಲವತ್ತೊಂದು ಕುರ್ಚಿಗಳು

ನಗರ ಯೋಜನಾ ಕಚೇರಿಯಲ್ಲಿ ಅವನನ್ನು ಎಲ್ಲರೂ ಗುಂಡುಸೂಜಿ ಎಂದೇ ಕರೆಯುತ್ತಿದ್ದರು. ಹುಟ್ಟಿದಾಗ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಊರು ಬೆಳೆದಂತೆಲ್ಲ ಎಲ್ಲಿ ಶಾಲೆ ಬಂತು, ಎಲ್ಲಿ ಮಾರುಕಟ್ಟೆ ಬಂತು, ಎಲ್ಲಿ ಆಸ್ಪತ್ರೆ ಬಂತು ಎಂದು ಸುತ್ತಿ ನೋಡಿ, ಗೋಡೆಯ ಮೇಲಿನ ದೊಡ್ಡ ನಕ್ಷೆಗೆ ಬಣ್ಣದ ತಲೆಯ ಸೂಜಿ ಚುಚ್ಚುವುದು ಅವನ ಕೆಲಸ. ಆ ಕೆಲಸದಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಆ ಕೆಲಸ ಬೇರೆ ಯಾರೂ ಮಾಡುತ್ತಿರಲಿಲ್ಲವಾದ್ದರಿಂದ ಅದು ಸುಳ್ಳೂ ಆಗಿರಲಿಲ್ಲ.

ಹೊಸ ಬಡಾವಣೆಯ ಖಾಸಗಿ ಚಿಕಿತ್ಸಾಲಯಗಳ ಸಮೀಕ್ಷೆಯನ್ನು ಅವನು ಆರೇ ದಿನದಲ್ಲಿ ಮುಗಿಸಿದ್ದ. ನಮೂನೆಯಲ್ಲಿ ಕೇಳಿದ್ದನ್ನೆಲ್ಲ ನಿಯತ್ತಾಗಿ ತುಂಬಿದ್ದ: ಬೋರ್ಡಿನ ಮೇಲಿನ ಹೆಸರು, ಯಾವ ಚಿಕಿತ್ಸೆ, ಬಾಗಿಲಿನ ಅಗಲ, ಮುಂದಿನ ರಸ್ತೆಯ ಅಗಲ, ಗಾಡಿ ನಿಲ್ಲಿಸುವ ಜಾಗ. ಒಟ್ಟು ನಲವತ್ತೊಂದು. ಅಷ್ಟು ಜನಸಂಖ್ಯೆಗೆ ನಿಯಮದ ಪ್ರಕಾರ ನಲವತ್ತು ಸಾಕು. ಒಂದು ಹೆಚ್ಚೇ ಇದೆ ಎಂದು ಯೋಜನಾಧಿಕಾರಿಗಳು ದೊಡ್ಡ ಸಭೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಕಚೇರಿ ಅದು. ಆಮೇಲೆ ಹೊಸ ಚಿಕಿತ್ಸಾಲಯಕ್ಕೆಂದು ಬಂದ ಅರ್ಜಿಗಳ ಮೇಲೆಲ್ಲ 'ಅವಶ್ಯಕತೆ ಇಲ್ಲ' ಎಂಬ ಮೊಹರು ಬಿತ್ತು.

ಗ್ರಹಚಾರ ವಕ್ಕರಿಸಿದ್ದು ಮನೆಯಿಂದಲೇ. ಗುಂಡುಸೂಜಿಯ ಅತ್ತಿಗೆ ಹೆರಿಗೆ ಡಾಕ್ಟರು. ಬೆಳಗ್ಗೆ ಸ್ಕೂಟರ್ ಹತ್ತಿದರೆ ಮನೆ ಸೇರುವುದು ಸಂಜೆಗೆ. ಇಪ್ಪತ್ತನಾಲ್ಕು ವರ್ಷ ಅವರು ಹೆರಿಗೆ ಮಾಡಿಸಿದ್ದೆಲ್ಲ ಇನ್ನೊಬ್ಬರ ಕಟ್ಟಡದಲ್ಲಿ. ಈಗ ಹೊಸ ಬಡಾವಣೆಯಲ್ಲಿ ಹತ್ತು ಹಾಸಿಗೆಯ ಸ್ವಂತ ಹೆರಿಗೆ ಆಸ್ಪತ್ರೆ ಮಾಡಬೇಕು ಎಂದು ಒಂದು ಮನೆಯನ್ನೂ ಗೊತ್ತು ಮಾಡಿಕೊಂಡಿದ್ದರು. ತಿಂಗಳ ಕೊನೆಯೊಳಗೆ ಅನುಮತಿ ತರದಿದ್ದರೆ ಮನೆಯನ್ನು ಜಿಮ್ಮಿನವರಿಗೆ ಕೊಟ್ಟುಬಿಡುತ್ತೇನೆ ಎಂದು ಮಾಲೀಕ ಖಡಾಖಂಡಿತ ಹೇಳಿದ್ದ. ಅವರ ಅರ್ಜಿಯೂ ಮೊಹರು ಹೊತ್ತು ವಾಪಸು ಬಂತು.

"ಮೈದುನರಾಯರೇ, ನಿಮ್ಮ ಆಫೀಸಿಂದ ಪ್ರೇಮಪತ್ರ ಬಂದಿದೆ," ಎಂದರು ಅತ್ತಿಗೆ, ಕಾಗದವನ್ನು ಅವನ ತಟ್ಟೆಯ ಪಕ್ಕಕ್ಕೆ ಸರಿಸಿ. "ಅವಶ್ಯಕತೆ ಇಲ್ಲವಂತೆ."

"ಇಲ್ಲವಲ್ಲ ಅತ್ತಿಗೆ. ಅಲ್ಲಿ ಆಗಲೇ ನಲವತ್ತೊಂದಿದೆ. ನಾನೇ ಎಣಿಸಿದ್ದು."

"ನೀನೇ ಎಣಿಸಿದ್ದಾ?" ಅತ್ತಿಗೆಯ ಹುಬ್ಬು ಮೇಲೇರಿತು. "ಅದರಲ್ಲಿ ಹೆರಿಗೆಗೆ ಅಂತ ಎಷ್ಟಿದೆ?"

"ನಾಲ್ಕು. ಮೊದಲನೇ ಅಡ್ಡರಸ್ತೆಲಿ ಒಂದು, ನೀರಿನ ಟ್ಯಾಂಕ್ ಹತ್ತಿರ ಒಂದು, ಬಸ್ ನಿಲ್ದಾಣದ ಎದುರಿಗೆ ಎರಡು."

ಅತ್ತಿಗೆ ಅವನನ್ನೇ ನೋಡಿದರು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅರ್ಜಿ ತಿರಸ್ಕಾರವಾದವರು ಹೀಗೂ ನಗುತ್ತಾರೆಯೇ ಎಂದು ಗುಂಡುಸೂಜಿಗೆ ದಿಗಿಲಾಯಿತು.

"ಯಾಕೆ ನಗ್ತೀರಾ?"

"ಏನಿಲ್ಲ ಬಿಡು. ನಿನ್ನ ಹೊಟ್ಟೇಲಿ ಮಾತು ನಿಲ್ಲಲ್ಲ. ನಿನಗೆ ಹೇಳಿದ್ರೆ ನಾಳೆ ಹತ್ತು ಗಂಟೆಗೆ ಇಡೀ ಆಫೀಸಿಗೆ ಗೊತ್ತಾಗುತ್ತೆ."

ಅತ್ತಿಗೆ ಮೇಲ್ಮನವಿ ಹಾಕಿದರು. ಮೇಲ್ಮನವಿ ಬಂದರೆ ಸುತ್ತಲಿನ ಚಿಕಿತ್ಸಾಲಯಗಳ ತಕರಾರು ಕೇಳಬೇಕು ಎಂಬುದು ನಿಯಮ. ಕೇಳಿದ್ದೇ ತಡ, ನಲವತ್ತೊಂದು ತಕರಾರು ಪತ್ರ ಬಂದವು. ಎಲ್ಲದರಲ್ಲೂ ಅದೇ ಒಕ್ಕಣೆ, ಅದೇ ಜಾಗದಲ್ಲಿ ಅದೇ ಕಾಗುಣಿತದ ತಪ್ಪು. ಬಹಿರಂಗ ವಿಚಾರಣೆಗೆ ದಿನ ಗೊತ್ತಾಯಿತು. ಅದರ ವ್ಯವಸ್ಥೆ ಗುಂಡುಸೂಜಿಯ ತಲೆಗೆ ಬಿತ್ತು.

"ನಾನು ಹೇಳಿದಷ್ಟು ಮಾಡು ಸಾಕು," ಎಂದರು ಅತ್ತಿಗೆ. "ಒಂದೊಂದು ಚಿಕಿತ್ಸಾಲಯಕ್ಕೆ ಒಂದೊಂದು ಕುರ್ಚಿ ಹಾಕು. ಬೆನ್ನಿಗೆ ಹೆಸರು ಅಂಟಿಸು. ನೋಟಿಸಲ್ಲಿ ಮಾಲೀಕರು ಬನ್ನಿ ಅಂತ ಬರೀಬೇಡ. ಚಿಕಿತ್ಸೆ ಕೊಡೋ ಡಾಕ್ಟರೇ ಖುದ್ದು ಬಂದು ತಮ್ಮ ಕುರ್ಚೀಲಿ ಕೂತು ಸಹಿ ಹಾಕಬೇಕು ಅಂತ ಬರಿ. ಬರದಿದ್ರೆ ಪಟ್ಟಿಯಿಂದ ಹೆಸರು ತೆಗೀತಾರೆ. ನಿಮ್ಮ ನಿಯಮದಲ್ಲೇ ಇದೆ, ಹನ್ನೆರಡನೇ ಪುಟ ನೋಡು."

"ಅವರೆಲ್ಲ ನಿಮ್ಮ ವಿರುದ್ಧ ಸಹಿ ಹಾಕೋರು ಅತ್ತಿಗೆ. ಅಷ್ಟೂ ಜನ ಬಂದ್ರೆ ನಿಮಗೇ ಕಷ್ಟ."

"ಬರಲಿ ಪಾಪ. ಎಲ್ಲರನ್ನೂ ಒಂದೇ ಕಡೆ ನೋಡ್ಬೇಕು ಅಂತ ನನಗೂ ಆಸೆ."

ಗುಂಡುಸೂಜಿಗೆ ಅತ್ತಿಗೆಯನ್ನು ಕಂಡು ಅಯ್ಯೋ ಎನ್ನಿಸಿತು. ಆದರೂ ಸಾಲಾಗಿ ಕುರ್ಚಿ ಹಾಕುವುದು, ಹೆಸರು ಅಂಟಿಸುವುದು ಎಂದರೆ ಅವನಿಗೆ ಪಂಚಪ್ರಾಣ. ವಿಚಾರಣೆಯ ಹಿಂದಿನ ದಿನ ಸಭಾಂಗಣದಲ್ಲಿ ದಾರ ಹಿಡಿದು ನಲವತ್ತೊಂದು ಕುರ್ಚಿ ಜೋಡಿಸಿದ. ಅರ್ಜಿದಾರರಿಗೆ ಎಂದು ಮುಂದುಗಡೆ ಒಂದನ್ನು ಬೇರೆಯಾಗಿ ಇಟ್ಟ.

ಮರುದಿನ ಹನ್ನೊಂದು ಗಂಟೆಗೆ ಯೋಜನಾಧಿಕಾರಿಗಳು ಬಂದು ವೇದಿಕೆಯ ಮೇಲೆ ಕೂತರು. ಅತ್ತಿಗೆ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ತಮ್ಮ ಜಾಗದಲ್ಲಿದ್ದರು. ಗೋಡೆಗೆ ಒರಗಿ ಹತ್ತು ಜನ ಡಾಕ್ಟರುಗಳು ನಿಂತಿದ್ದರು.

"ಉಳಿದವರೆಲ್ಲಿ?"

"ಟ್ರಾಫಿಕ್ ಸಾರ್," ಎಂದ ಗುಂಡುಸೂಜಿ. "ಹೆಸರು ಕರೆಯೋಷ್ಟರಲ್ಲಿ ಬಂದುಬಿಡ್ತಾರೆ."

ಅವನು ಪಟ್ಟಿ ಹಿಡಿದು ಕರೆಯತೊಡಗಿದ. ಒಂದನೇ ಕುರ್ಚಿಗೆ ಹಲ್ಲಿನ ಡಾಕ್ಟರು ಬಂದು ಕೂತು ಸಹಿ ಹಾಕಿದರು. ಎರಡಕ್ಕೆ ಚರ್ಮದ ಡಾಕ್ಟರು, ಮೂರಕ್ಕೆ ರಕ್ತಪರೀಕ್ಷೆಯವರು, ನಾಲ್ಕಕ್ಕೆ ಮೂಳೆ ಡಾಕ್ಟರು. ಐದನ್ನು ಕರೆದಾಗ ಹಲ್ಲಿನ ಡಾಕ್ಟರು ಒಂದರಿಂದ ಎದ್ದು ಹೋಗಿ ಐದರಲ್ಲಿ ಕೂತರು. ಜಾಗ ತಪ್ಪಿರಬೇಕು ಎಂದುಕೊಂಡ ಗುಂಡುಸೂಜಿ. ಆರನ್ನು ಕರೆದ. ರಕ್ತಪರೀಕ್ಷೆಯವರು ಎದ್ದರು. ಏಳಕ್ಕೂ ಅವರೇ ಎದ್ದರು.

ಹನ್ನೆರಡನೇ ಹೆಸರಿನ ಹೊತ್ತಿಗೆ ಸಭಾಂಗಣ ಮಕ್ಕಳ ಆಟದ ಬಯಲಾಗಿತ್ತು. ಮೂಳೆ ಡಾಕ್ಟರದು ಭಾರಿ ಶರೀರ. ನಾಲ್ಕರಿಂದ ಹನ್ನೆರಡಕ್ಕೆ ಬರುವಷ್ಟರಲ್ಲಿ ಏದುಸಿರು ಬಿಟ್ಟು ಮಂಡಿ ಹಿಡಿದುಕೊಂಡರು. ಚರ್ಮದವರು ಅಡ್ಡ ಬಂದು ಹಲ್ಲಿನವರಿಗೆ ಡಿಕ್ಕಿ ಹೊಡೆದರು. ಅಧಿಕಾರಿಗಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಗುಂಡುಸೂಜಿ ಪಟ್ಟಿಯನ್ನೊಮ್ಮೆ ತಿರುಗಿಸಿ ನೋಡಿದ. ಕರೆಯುವುದನ್ನು ನಿಲ್ಲಿಸೋಣವೆಂದರೆ ನಿಯಮವಿಲ್ಲ.

"ಹದಿನಾಲ್ಕು," ಎಂದ. "ಮೊದಲನೇ ಅಡ್ಡರಸ್ತೆ. ಸ್ತ್ರೀರೋಗ ಮತ್ತು ಹೆರಿಗೆ."

ಗೋಡೆಯ ಹತ್ತಿರ ಯಾರೂ ಅಲುಗಾಡಲಿಲ್ಲ. ಅರ್ಜಿದಾರರ ಕುರ್ಚಿಯಿಂದ ಅತ್ತಿಗೆ ಎದ್ದರು. ಹೆಲ್ಮೆಟ್ ಹಿಡಿದುಕೊಂಡು ನಿಧಾನವಾಗಿ ನಡೆದು ಹೋಗಿ ಹದಿನಾಲ್ಕರಲ್ಲಿ ಕೂತು ಸಹಿ ಹಾಕಿದರು.

"ಏನಮ್ಮಾ ಇದು?" ಎಂದರು ಅಧಿಕಾರಿಗಳು. "ಅರ್ಜಿ ಹಾಕಿದವರು ನೀವಲ್ವಾ?"

"ಹೌದು ಸಾರ್. ಅರ್ಜೀನೂ ನಂದೇ, ತಕರಾರೂ ನಂದೇ. ಬಂದು ಕೂತ್ಕೊಳ್ಳಿ ಡಾಕ್ಟ್ರೇ, ಇಲ್ದಿದ್ರೆ ಪಟ್ಟಿಯಿಂದ ತೆಗೀತಾರೆ ಅಂತ ಈ ಕ್ಲಿನಿಕ್ಕಿನ ಮಾಲೀಕರು ಫೋನ್ ಮಾಡಿದ್ರು. ಇನ್ನೂ ಮೂರು ಕಡೆಯವರು ಮಾಡಿದ್ದಾರೆ. ಮುಂದೆ ಕರೀರಿ, ಬರ್ತೀನಿ."

ಇಪ್ಪತ್ತೆರಡಕ್ಕೂ ಮೂವತ್ತಕ್ಕೂ ಮೂವತ್ತೊಂದಕ್ಕೂ ಅತ್ತಿಗೆಯೇ ಎದ್ದು ಹೋದರು. ಪ್ರತಿಸಲವೂ ಅದೇ ನಿಧಾನ, ಅದೇ ಗಾಂಭೀರ್ಯ. ನೆಲ ಬಿರಿದು ನುಂಗಬಾರದೇ ಎನ್ನಿಸಿತು ಗುಂಡುಸೂಜಿಗೆ. ಇಂಥ ಅತ್ತಿಗೆ ಶತ್ರುವಿಗೂ ಬೇಡ ಎಂದುಕೊಂಡ. ನಲವತ್ತೊಂದು ಮುಗಿದಾಗ ಮೂಳೆ ಡಾಕ್ಟರು ಯಾರದೋ ಕುರ್ಚಿಯಲ್ಲಿ ಕಾಲು ಚಾಚಿ ನೀರು ಕೇಳುತ್ತಿದ್ದರು.

"ಈ ಸಮೀಕ್ಷೆ ಮಾಡಿದವರು ಯಾರು?"

ಅಧಿಕಾರಿಗಳಿಗೆ ಅದು ಗೊತ್ತಿಲ್ಲದ ವಿಷಯವೇನಲ್ಲ. ಆದರೂ ಅವರು ಕೇಳಿದ ರೀತಿಯಲ್ಲಿ ಒಂದು ಬಾಗಿಲು ತೆರೆದಿತ್ತು. ಹಳೆಯ ಪಟ್ಟಿ ಸಾರ್, ಯಾರೋ ಮಾಡಿದ್ದು, ಮುಂದಿನ ತಿಂಗಳು ಪರಿಶೀಲಿಸೋಣ ಎಂದರೆ ಮುಗಿಯಿತು. ಇಬ್ಬರ ಮಾನವೂ ಉಳಿಯುತ್ತಿತ್ತು. ಮುಂದಿನ ತಿಂಗಳಿಗೆ ಅತ್ತಿಗೆ ಆಸ್ಪತ್ರೆಗೆಂದು ಗೊತ್ತು ಮಾಡಿದ ಮನೆ ಜಿಮ್ಮಾಗಿರುತ್ತಿತ್ತು. ಗುಂಡುಸೂಜಿ ಅತ್ತಿಗೆಯ ಕಡೆ ನೋಡಿದ. ಈಗ ಅವರು ನಗುತ್ತಿರಲಿಲ್ಲ. ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು.

"ನಾನೇ ಸಾರ್. ಬೋರ್ಡು ಎಣಿಸಿಬಿಟ್ಟೆ. ಡಾಕ್ಟರನ್ನ ಎಣಿಸಲಿಲ್ಲ. ಇರೋದು ಹನ್ನೊಂದೇ ಜನ."

"ಹೆರಿಗೆಗೆ?"

"ಒಬ್ಬರು ಸಾರ್. ಇವರೇ."

ಅಧಿಕಾರಿಗಳು ಸಹಿಯ ಪಟ್ಟಿ ತರಿಸಿಕೊಂಡು ಬೆರಳಾಡಿಸಿದರು. ಆಮೇಲೆ ಅತ್ತಿಗೆಯನ್ನು ಕೇಳಿದರು, "ನಾಲ್ಕೂ ಕಡೆ ನೀವೇ ಇದ್ದೀರಲ್ಲ, ಸಾಲದಾ?"

"ಒಂದೊಂದು ಕಡೆ ಒಂದೊಂದು ಗಂಟೆ ಇರ್ತೀನಿ ಸಾರ್. ಒಂದು ಕಡೇನೂ ಹಾಸಿಗೆ ಇಲ್ಲ, ನೋಡಿ ಕಳಿಸೋದಷ್ಟೇ. ನೋವು ಬಂದ್ರೆ ಊರಿನ ಆ ತುದಿಗೆ ಹೋಗ್ಬೇಕು. ಹೋದ ತಿಂಗಳು ಒಂದು ಮಗು ಸಿಗ್ನಲ್‌ನಲ್ಲೇ ಹುಟ್ಟಿತು, ಬಾಡಿಗೆ ಕಾರಿನ ಹಿಂದಿನ ಸೀಟಲ್ಲಿ."

"ನೀವೆಲ್ಲಿದ್ರಿ?"

"ಎರಡನೇ ಬೋರ್ಡಿಂದ ಮೂರನೇ ಬೋರ್ಡಿಗೆ ಹೋಗ್ತಿದ್ದೆ, ಸ್ಕೂಟರ್ ಮೇಲೆ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಎಲ್ಲ ಸಲ ಹಾಗಾಗಲ್ಲ ಸಾರ್."

ಹಲ್ಲಿನ ಡಾಕ್ಟರ ಹೆಂಡತಿಗೆ ಆಗ ಏಳು ತಿಂಗಳು. ಡಾಕ್ಟರು ಎದ್ದು ಬಂದು ತಮ್ಮ ಏಳೂ ಸಹಿಗಳನ್ನು ತಾವೇ ಹೊಡೆದು ಹಾಕಿದರು. ಅಧಿಕಾರಿಗಳು ಪೆನ್ನು ತೆಗೆದು ಅತ್ತಿಗೆಯ ಅರ್ಜಿಯ ಮೇಲೆ 'ಮಂಜೂರು' ಎಂದು ಬರೆದರು. ಇಡೀ ಬಡಾವಣೆಯ ಸಮೀಕ್ಷೆ ಮತ್ತೆ ಆಗಬೇಕು, ಅದನ್ನು ಮಾಡಿದವನೇ ಮಾಡಬೇಕು ಎಂದು ಕೆಳಗೆ ಇನ್ನೊಂದು ಸಾಲು ಬರೆದು ಗುಂಡುಸೂಜಿಯ ಕಡೆ ಒಂದು ನೋಟ ಬೀರಿದರು. ಈ ವರ್ಷದ ಬಡ್ತಿ ಇಲ್ಲ ಎಂಬುದು ಆ ನೋಟದಲ್ಲೇ ಅವನಿಗೆ ಅರ್ಥವಾಯಿತು. ಬೇಸರವಾಯಿತು, ಅದಕ್ಕಿಂತ ಹೆಚ್ಚಾಗಿ, ಯಾಕೋ, ಮನಸ್ಸು ಹಗುರವಾಯಿತು.

ಹೊರಗೆ ಅತ್ತಿಗೆ ಸ್ಕೂಟರಿಗೆ ಬೀಗದ ಕೈ ಹಾಕುತ್ತಿದ್ದರು. ಗುಂಡುಸೂಜಿ ಹೋಗಿ ಎದುರಿಗೆ ನಿಂತ.

"ನಾಲ್ಕೂ ಕಡೆ ನೀವೇ ಅಂತ ಅವತ್ತೇ ಹೇಳಬಾರದಿತ್ತಾ ಅತ್ತಿಗೆ? ಎಲ್ಲರ ಮುಂದೆ ನನ್ನ ಮಾನ ಕಳೆದ್ರಲ್ಲ."

"ಹೇಳಿದ್ರೆ ನೀನು ನಾಲ್ಕು ಸೂಜಿ ಕಿತ್ತು ಒಂದು ಚುಚ್ಚುತ್ತಿದ್ದೆ, ಅಷ್ಟೆ. ಉಳಿದವರ ಲೆಕ್ಕ ಯಾರು ತೆಗೀತಿದ್ರು?" ಅತ್ತಿಗೆ ಹೆಲ್ಮೆಟ್ ಹಾಕಿಕೊಂಡರು. ತಮಾಷೆಯ ದನಿ ಅಲ್ಲಿಗೆ ನಿಂತಿತು. "ನೀನು ಟ್ಯಾಂಕ್ ಹತ್ತಿರದ ಕ್ಲಿನಿಕ್ಕಿಗೆ ಬಂದ ದಿನ ನಾನು ಒಳಗೇ ಇದ್ದೆ ಕಣೋ. ಕಿಟಕಿಯಿಂದ ಕೈ ಬೀಸಿದೆ. ನೀನು ನೋಡಲಿಲ್ಲ, ಟೇಪು ಹಿಡಿದು ಬಾಗಿಲು ಅಳೀತಿದ್ದೆ."

"ನಿಜವಾಗ್ಲೂ ಕಾಣಿಸಲಿಲ್ಲ ಅತ್ತಿಗೆ."

"ನಾನು ಕಾಣಿಸದಿದ್ರೆ ಹೋಗಲಿ ಬಿಡು. ನಿನ್ನ ಬೆನ್ನ ಹಿಂದೆ ಒಬ್ಬಳು ತುಂಬು ಬಸುರಿ ನಿಂತಿದ್ದಳು. ಇವರು ಅಳೆದು ಮುಗಿಸಲಿ, ಆಮೇಲೆ ಒಳಗೆ ಹೋಗೋಣ ಅಂತ ಕಾಯ್ತಾ ಇದ್ದಳು."