ಎಡಗಡೆಯ ಸೀಟು

ಐದನೆಯ ಗಡಿಯಾರಕ್ಕೆ ಚೀಟಿ ಕಟ್ಟಿ, ಆರನೆಯದರ ದಾರಕ್ಕೆ ಗಂಟು ಹಾಕುತ್ತಿದ್ದಾಗ ಮಗಳ ಫೋನು ಬಂತು. ಶನಿವಾರ ಅಂಗಡಿಯ ಬಾಗಿಲೆಳೆಯುವ ಮುಂಚೆ ನನಗಿರುವ ಕೆಲಸ ಇದೇ. ರಿಪೇರಿಗೆ ಬಂದವುಗಳಿಗೆಲ್ಲ ಹೆಸರು, ತಾರೀಕು ಬರೆದ ಚೀಟಿ ಕಟ್ಟಿ ಡ್ರಾಯರಿನಲ್ಲಿ ಸಾಲಾಗಿ ಮಲಗಿಸಬೇಕು. ಪಕ್ಕದಲ್ಲಿ ನಮ್ಮ ಯಜಮಾನರು ಬಲಗಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಕೂದಲೆಳೆಯಂಥ ಸ್ಪ್ರಿಂಗೊಂದನ್ನು ಉಸಿರು ಬಿಗಿಹಿಡಿದು ಕೂರಿಸುತ್ತಿದ್ದರು.

"ಅಮ್ಮಾ, ನಾಳೆ ಕೋಟೆಗೆ ಹೋಗ್ತಿದ್ದೀರಲ್ಲ, ಪುಟ್ಟೀನೂ ಕರ್ಕೊಂಡು ಹೋಗಿ. ನಮಗಿಬ್ಬರಿಗೂ ಆಫೀಸಲ್ಲಿ ಕೆಲಸ ಇದೆ. ಅವಳದ್ದು ಒಂದೇ ಷರತ್ತು, ಮುಂದಿನ ಸೀಟು ಅವಳಿಗೇ ಬೇಕಂತೆ."

ನನ್ನ ಕೈಯ ಗಂಟು ಬಿಚ್ಚಿಕೊಂಡಿತು. "ಹಿಂದೆ ಕೂತ್ಕೊಳ್ಳಲಿ ಕಣೇ, ಮಗು ಅದು."

"ಒಂಬತ್ತು ತುಂಬಿದೆ, ಇನ್ನೇನು ಮಗು? ನಿನಗಿಂತ ಅವಳೇ ವಾಸಿ ಬಿಡು. ನೀನು ಮುಂದೆ ಕೂತ್ರೆ ಕಾರಿಗೆ ಎರಡು ಹಾರ್ನು!"

ನಮ್ಮ ಮನೆಯಲ್ಲಿ ಇದು ಹಳೆಯ ತಮಾಷೆ. ಕಾರು ಹತ್ತಿದ್ದೇ ತಡ ನನ್ನ ಬಾಯಿ ಶುರುವಾಗುತ್ತದೆ. ಅಗೋ ಆ ಸೈಕಲ್ಲಿನವನ ಟೋಪಿ ನೋಡಿ, ಅಯ್ಯೋ ಆ ನಾಯಿ ಎಷ್ಟು ಸೊರಗಿದೆ, ಆಟೋದಲ್ಲಿ ಎಷ್ಟು ಮೂಟೆ ತುಂಬಿದ್ದಾನೆ ನೋಡಿ. ಎಲ್ಲರೂ ನಗುತ್ತಾರೆ. ನಾನು ಹೇಳುವುದೆಲ್ಲ ಎಡಗಡೆಯ ಸಂಗತಿ ಎಂದು ಇದುವರೆಗೆ ಒಬ್ಬರೂ ಗಮನಿಸಿಲ್ಲ.

ಹನ್ನೊಂದು ವರ್ಷಗಳಿಂದ ತಿಂಗಳಿಗೊಂದು ಭಾನುವಾರ ಹೊರಡುತ್ತೇವೆ. ದೂರವಲ್ಲ, ಹೋಗಿ ಕತ್ತಲಾಗುವ ಮುಂಚೆ ವಾಪಸು ಬರುವಷ್ಟು. ಒಂದು ಪಾಳುಕೋಟೆ, ಒಂದು ಹಳೇ ಸೇತುವೆ, ರಾಣಿಯೊಬ್ಬಳು ಕಟ್ಟಿಸಿದ ಕೊಳ. ಅಲ್ಲಿನವರು ಏನು ತಿನ್ನುತ್ತಾರೋ ಅದನ್ನೇ ತಿನ್ನಬೇಕು, ಮನೆಯಿಂದ ಡಬ್ಬಿ ಕಟ್ಟಿಕೊಂಡು ಹೋಗಬಾರದು ಎಂಬುದು ಇವರ ಕಾನೂನು. ಗಡಿಯಾರ ಕೊಡಲು ಬಂದವರು "ಈ ಸಲ ಎಲ್ಲಿಗೆ ಸ್ವಾಮಿ?" ಎಂದು ಕೇಳಿ, ಮುಂದಿನ ವಾರ ತಾವೂ ಅಲ್ಲಿಗೆ ಹೋಗಿಬರುತ್ತಾರೆ. ಬೆಲ್ಟು ಹಾಕಿಸಲು ಬಂದು ಊರು ಕೇಳಿಕೊಂಡು ಹೋದವರೇ ಹೆಚ್ಚು. ಆ ಒಂದು ದಿನದ ಬಲದಿಂದ ನಾನೂ ಉಳಿದ ಇಪ್ಪತ್ತೊಂಬತ್ತು ದಿನ ಮೇಜಿನ ಹಿಂದೆ ಕೂರುತ್ತೇನೆ.

ಎರಡು ವರ್ಷಗಳ ಹಿಂದೆ ಇವರು ಎಡಗೈ ಪಕ್ಕದ ನೀರಿನ ಲೋಟ ಬೀಳಿಸತೊಡಗಿದರು. ಆಮೇಲೆ ಬಾಗಿಲ ಚೌಕಟ್ಟಿಗೆ ಎಡಭುಜ ತಾಗುತ್ತಿತ್ತು. ಒಂದು ದಿನ ನಾನು ಎಡಗಡೆ ಅರ್ಧ ಗಂಟೆ ನಿಂತಿದ್ದರೂ, "ಎಲ್ಲಿ ಹೋದಳು ಇವಳು?" ಎಂದು ಒಳಗೆ ಕೂಗಿದರು. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಎಂದರೆ, "ಸ್ಪ್ರಿಂಗ್ ಕೂರಿಸೋ ಕಣ್ಣಿಗೆ ಡಾಕ್ಟರಾ? ಬೇಕಿದ್ರೆ ನಿನ್ನ ಕಿವಿ ತೋರಿಸು, ನಾನು ಹೇಳಿದ್ದು ಕೇಳಿಸಲ್ಲ," ಎಂದು ನಗೆಯಾಡಿದರು. ಎದುರಿಗಿರುವುದು ಅವರಿಗೆ ನಿಜಕ್ಕೂ ಹದ್ದಿಗೆ ಕಂಡಂತೆ ಕಾಣುತ್ತದೆ. ಪಕ್ಕದ ಲೋಕ ಮಾತ್ರ ಸದ್ದಿಲ್ಲದೆ ಅಳಿಸಿಹೋಗುತ್ತಿತ್ತು. ಅದು ಅವರಿಗೆ ಗೊತ್ತಿಲ್ಲ ಎಂದು ನಾನು ನಂಬಿದ್ದೆ. ಗೊತ್ತಾಗದಿರಲಿ ಎಂದೇ ಬಾಯಿಬಡುಕಿ ಎನಿಸಿಕೊಂಡೆ.

ಭಾನುವಾರ ಬೆಳಗ್ಗೆ ಪುಟ್ಟಿ ಟೋಪಿ ಹಾಕಿಕೊಂಡು ಮುಂದೆ ಕೂತಾಗಿತ್ತು. "ಅಜ್ಜಿಗೆ ಹಿಂದೆ ವಾಂತಿ ಬರುತ್ತೆ ಪುಟ್ಟಿ," ಎಂದೆ.

"ಸುಳ್ಳು! ಹೋದ ಸಲ ಅಪ್ಪನ ಕಾರಲ್ಲಿ ಹಿಂದೆ ಕೂತು ಎರಡು ಬನ್ ತಿಂದೆ ನೀನು."

ಇವರು ಜೋರಾಗಿ ನಕ್ಕು ಕಾರು ಚಾಲೂ ಮಾಡಿದರು. ನಾನು ಹಿಂದೆ ನಡುವಿನಲ್ಲಿ ಕೂತು, ಎರಡು ಸೀಟುಗಳ ಸಂದಿಯಲ್ಲಿ ಕತ್ತು ಚಾಚಿದೆ. ಮುಂದಿನ ಸೀಟಿನ ಬೆನ್ನು, ಅದರ ಮೇಲೆ ಪುಟ್ಟಿಯ ಟೋಪಿ, ಅಷ್ಟೇ ಕಾಣುತ್ತಿತ್ತು.

ಊರು ದಾಟಿದ ಮೇಲೆ ಇವರು ಹೇಳಿದರು: "ಪುಟ್ಟಿ, ಒಂದಾಟ ಆಡೋಣ. ಎಡಗಡೆಯಿಂದ ಏನೇ ಬಂದ್ರೂ ನೀನು ತಕ್ಷಣ ಕೂಗಬೇಕು. ನೀನು ಮೊದಲು ಕೂಗಿದ್ರೆ ನಿನಗೆ ಪಾಯಿಂಟು, ನಾನು ಮೊದಲು ಕೂಗಿದ್ರೆ ನನಗೆ."

"ಬಲಗಡೆ?"

"ಬಲಗಡೆ ಬೇಡ. ಬರೀ ಎಡಗಡೆ."

ಹಾವು ತುಳಿದವಳ ಹಾಗೆ ನನ್ನ ಮೈ ಜುಮ್ಮೆಂದಿತು. ಇವರಿಗೆ ಗೊತ್ತಿತ್ತು.

"ಸ್ಕೂಟರ್!" "ಎಮ್ಮೆ!" "ಕೋಲಿನ ಅಜ್ಜ!" ಪುಟ್ಟಿಯ ದನಿ ಗಿಳಿಯ ಹಾಗೆ ಕೇಳುತ್ತಿತ್ತು. ಪ್ರತಿ ಕೂಗಿಗೂ ಕಾರು ಒಂದಿಷ್ಟು ಬಲಕ್ಕೆ ಸರಿಯುತ್ತಿತ್ತು.

"ನನಗೆ ಹದಿನಾಲ್ಕು, ತಾತಂಗೆ ಸೊನ್ನೆ! ತಾತಾ, ನಿನಗೆ ಆಟಾನೇ ಬರಲ್ಲ."

"ಹೂಂ ಪುಟ್ಟಿ, ನಾನು ದಡ್ಡ."

ಗೆಲುವಿಗೂ ಬೇಸರ ಬರುತ್ತದೆ. ಅರ್ಧ ದಾರಿಯಲ್ಲಿ ಕೂಗು ನಿಂತಿತು. ಟೋಪಿ ಮೆಲ್ಲಗೆ ಕಿಟಕಿಯ ಕಡೆಗೆ ವಾಲಿತು. ಮಗು ನಿದ್ದೆ ಹೋಗಿತ್ತು.

"ರೀ, ಸ್ವಲ್ಪ ನಿಲ್ಲಿಸಿ. ನಾನು ಮುಂದೆ ಬರ್ತೀನಿ."

"ಇನ್ನು ಅರ್ಧ ಗಂಟೆ ಕಣೇ. ಮಲಗಲಿ ಪಾಪ, ಎಬ್ಬಿಸಬೇಡ."

ಕತ್ತನ್ನು ಇನ್ನೂ ಚಾಚಿದೆ. ಪೊದೆಯ ಮರೆಯ ಅಡ್ಡರಸ್ತೆಯಿಂದ ಟ್ರಾಕ್ಟರಿನ ಕೆಂಪು ಮೂತಿ ಹೊರಬಂತು. ಇವರ ಕಾಲು ಅಲುಗಲಿಲ್ಲ. ಮುಖ ನೇರ ರಸ್ತೆಯ ಮೇಲೆಯೇ ಇತ್ತು, ಶಾಂತವಾಗಿತ್ತು. ಪಾಯಸ ತಿಂದವರ ಮುಖ.

"ರೀ! ಎಡಗಡೆ!"

ಬ್ರೇಕು ಕಿರುಚಿತು. ಪುಟ್ಟಿಯನ್ನು ಬೆಲ್ಟು ಹಿಡಿದು ನಿಲ್ಲಿಸಿತು. ಅವಳ ಕಿಟಕಿಯಿಂದ ಒಂದು ಮೊಳದಲ್ಲಿ ಟ್ರಾಕ್ಟರಿನ ದೊಡ್ಡ ಗಾಲಿ ನಿಂತಿತ್ತು. ಅದರ ಹಲ್ಲುಗಳ ನಡುವಿನ ಹಸಿ ಮಣ್ಣು ನನಗೆ ಕಾಣುತ್ತಿತ್ತು.

"ಮುಂದೆ ಹೋಗ್ತೀಯೋ ಮೇಲೆ ಹೋಗ್ತೀಯೋ ಯಜಮಾನಾ?" ಟ್ರಾಕ್ಟರಿನವನು ಕೂಗಿದ.

ಪುಟ್ಟಿ ಕಣ್ಣುಜ್ಜಿಕೊಂಡು ತಿರುಗಿದಳು. "ಅಜ್ಜಿ, ಈ ಪಾಯಿಂಟು ನಿಂದಾ?"

ಇವರು ಕಾರನ್ನು ಮೆಲ್ಲಗೆ ಹಿಂದಕ್ಕೆ ತೆಗೆದು ರಸ್ತೆಬದಿಗೆ ನಿಲ್ಲಿಸಿದರು. ಉಳಿದ ದಾರಿ ಪೂರ್ತಿ ಪುಟ್ಟಿಯನ್ನು ಹಿಂದೆ ಮಲಗಿಸಿ ನಾನೇ ಮುಂದೆ ಕೂತೆ. ನಾನೂ ತಮಾಷೆ ಮಾಡಲಿಲ್ಲ, ಇವರೂ ನಗಲಿಲ್ಲ. ಸೈಕಲ್. ಮೇಕೆ. ಗುಂಡಿ. ಅಷ್ಟೇ ಹೇಳುತ್ತ ಹೋದೆ.

ಕೋಟೆಯ ಬುಡದಲ್ಲಿ ಒಬ್ಬ ಹೆಂಗಸು ಮನೆಯ ಮುಂದೆಯೇ ಎರಡು ಮೇಜು ಹಾಕಿ ಊಟ ಬಡಿಸುತ್ತಿದ್ದಳು. ಹೊಳೆಯ ಮೀನು, ಒಲೆಯಿಂದ ಆಗಷ್ಟೇ ಇಳಿದ ದಪ್ಪ ರೊಟ್ಟಿ, ಹುಣಸೇಕಾಯಿಯ ಚಟ್ನಿ. ಇವರು ಎಂದಿನಂತೆ "ಚಟ್ನಿಗೆ ಏನು ಹಾಕಿದ್ದೀರಮ್ಮಾ?" ಎಂದು ವಿಚಾರಿಸಿದರು. ಪುಟ್ಟಿ ಕೈ ತೊಳೆಯಲು ಹೋದಾಗ ಕೇಳಿದೆ:

"ಎಷ್ಟು ದಿನದಿಂದ ಗೊತ್ತು ನಿಮಗೆ?"

ಇವರು ಮೀನಿನ ಮುಳ್ಳು ಬಿಡಿಸುತ್ತಿದ್ದರು. ಎಂಥ ಸಣ್ಣ ಮುಳ್ಳನ್ನೂ ಬಿಡುವವರಲ್ಲ. "ನಿನಗೆ ಗೊತ್ತಾದಾಗಿಂದ. ನೀನು ಪಕ್ಕದಲ್ಲಿದ್ದೀಯಲ್ಲ ಅಂತ..."

"ಇವತ್ತು ಇರಲಿಲ್ಲ."

"ಮಗು ಚುರುಕು ಕಣೇ. ವಾಪಸು ಹೋಗ್ತಾ ನಿದ್ದೆ ಮಾಡಲ್ಲ. ಒಂದೆರಡು ಸಲ ಬಂದ್ರೆ ನಿನ್ನಷ್ಟೇ ಚೆನ್ನಾಗಿ ಕಲಿತುಬಿಡ್ತಾಳೆ." ದನಿ ತಗ್ಗಿಸಿದರು. "ಮಗಳಿಗೆ ಮಾತ್ರ ಹೇಳಬೇಡ. ಕಾರು ಹೋದ್ರೆ ನಾವಿಬ್ಬರೂ ಆ ಅಂಗಡೀಲೇ ಮುಗಿದುಹೋಗ್ತೀವಿ."

ಆ ಹೆದರಿಕೆ ನನಗೂ ಇತ್ತು. ಅದಕ್ಕೇ ಎರಡು ವರ್ಷ ಅವರ ಕಣ್ಣಾಗಿದ್ದೆ. ಆದರೆ ನಾನು ಕಣ್ಣಾಗದಿದ್ದರೆ ಅವರು ಎಂದೋ ಕಾರು ನಿಲ್ಲಿಸುತ್ತಿದ್ದರು ಎಂಬುದು ಈಗ ಹೊಳೆಯಿತು. ಆ ಗಾಲಿಯನ್ನು ಮಗುವಿನ ಕಿಟಕಿಯವರೆಗೆ ತಂದದ್ದರಲ್ಲಿ ನನ್ನ ಬಾಯಿಯ ಪಾಲೂ ಇತ್ತು.

"ನೀವಿಬ್ಬರೂ ಹತ್ತಿ ಬನ್ನಿ, ನನಗೆ ಮಂಡಿನೋವು," ಎಂದೆ. ಬಿಸಿಲಿತ್ತು, ಇವರು ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿ ಎದ್ದರು. ಮೆಟ್ಟಿಲ ಬುಡದಲ್ಲಿ ಪುಟ್ಟಿ ತಾನಾಗಿಯೇ ತಾತನ ಎಡಗೈ ಹಿಡಿದುಕೊಂಡಳು. ಹೆಬ್ಬಾಗಿಲಿನ ಕತ್ತಲು ಇಬ್ಬರನ್ನೂ ನುಂಗುವವರೆಗೆ ನೋಡಿದೆ.

"ಇಲ್ಲಿಂದ ಬಸ್ಸು ಇದೆಯಾ?" ಊಟದ ಹೆಂಗಸನ್ನು ಕೇಳಿದೆ.

"ನಾಲ್ಕೂವರೆಗೆ ಒಂದು, ಆ ಕಮಾನಿನ ಹತ್ತಿರ ನಿಲ್ಲುತ್ತೆ. ದಿನಾ ಬರುತ್ತಮ್ಮಾ. ಕೋಟೆ ನೋಡೋರು ಎಷ್ಟೋ ಜನ ಅದರಲ್ಲೇ ಬಂದು ಹೋಗೋದು. ನೀವು ಕಾರಲ್ಲಿ ಬಂದಿದ್ದೀರಲ್ಲ?"

"ಸುಮ್ಮನೆ ಕೇಳಿದೆ."

ಎಷ್ಟೋ ಜನ ಅದರಲ್ಲೇ ಬಂದು ಹೋಗುತ್ತಾರೆ. ಹನ್ನೊಂದು ವರ್ಷದಲ್ಲಿ ನನಗದು ಒಮ್ಮೆಯೂ ತೋಚಿರಲಿಲ್ಲ.

ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಕೋಟಿನ ಜೇಬಿಗೆ ಕೈ ಹಾಕಿ ಕಾರಿನ ಕೀಲಿ ತೆಗೆದೆ. ಮದುವೆಯಾದ ಮೂವತ್ತೆರಡು ವರ್ಷಗಳಲ್ಲಿ ಅವರ ಜೇಬು ಮುಟ್ಟಿದ್ದು ಅದೇ ಮೊದಲು. ಅವರು ಕೂಗಾಡಬಹುದು, ಮಗುವಿನೆದುರು ಅಳಲೂಬಹುದು, ತಿಂಗಳುಗಟ್ಟಲೆ ಮಾತು ಬಿಡಬಹುದು. ಕೀಲಿಯನ್ನು ನನ್ನ ಚೀಲದ ತಳದಲ್ಲಿ, ಕರವಸ್ತ್ರದ ಅಡಿಗೆ ಇಟ್ಟು ಜಿಪ್ಪು ಎಳೆದೆ.

ಗೋಡೆಯ ತುದಿಯಲ್ಲಿ ಟೋಪಿ ಕಂಡಿತು. "ಅಜ್ಜೀ, ಏನ್ ಮಾಡ್ತಿದ್ದೀಯಾ?"

"ಏನಿಲ್ಲ, ಕೂತಿದ್ದೀನಿ!" ಎಂದು ಕೂಗಿ ಕೈ ಬೀಸಿದೆ.