ಒಣಗಿದ ಮೇಲೆ ಉಳಿಯದ ನೀಲಿ

ಅಪ್ಪ ಬೆಳಿಗ್ಗೆ ಎದ್ದ ಕೂಡಲೇ ಮೂತ್ರದಲ್ಲಿ ಅದ್ದಿದ ಕಾಗದದ ಪಟ್ಟಿಯನ್ನು ಅಮ್ಮ ಕ್ಯಾಲೆಂಡರಿನ ಆ ದಿನದ ಹಾಳೆಗೆ ಅಂಟಿಸುತ್ತಿದ್ದಳು. ಹಳದಿ ಬಂದರೆ ಮೈಯೆಲ್ಲ ಹುಳಿ. ನೀಲಿ ಬಂದರೆ ಕ್ಷಾರ, ಅಂದರೆ ಆರೋಗ್ಯ. ಅಂಟಿಸುವ ಮೊದಲು ಫೋಟೋ ತೆಗೆದು, ಮೈಯ ಹುಳಿ ತೆಗೆಯುತ್ತದೆಂದು ಕ್ಷಾರದ ಪುಡಿ ಮಾರುವ ಲಾನ್-ಯಿಂಗ್ ಅಕ್ಕನ ಫೋನ್ ಗುಂಪಿಗೆ ಕಳಿಸುತ್ತಿದ್ದಳು.

ನಲವತ್ತು ವರ್ಷ ಡೊಂಗ್‌ಷಿ ಬಂದರಿನಲ್ಲಿ ಸಿಂಪಿ ಬಿಡಿಸುತ್ತ, ತಿನ್ನುತ್ತ ಕಳೆದವನು ಅಪ್ಪ. ಮೈಯಲ್ಲಿ ಯೂರಿಕ್ ಆಮ್ಲ ಕೂಡಿ ಕಾಲಿನ ಹೆಬ್ಬೆರಳು ಊದಿ, ಚಪ್ಪಲಿ ಮೆಟ್ಟಲಾಗದ ಸ್ಥಿತಿ ಬಂದಾಗ ಈ ಪುಡಿ ಮನೆಗೆ ಬಂತು. ಮೊದಲ ದಿನ ಅವನು ನನ್ನನ್ನು ಕರೆದಿದ್ದ.

"ಪಿಂಗ್, ನೀನು ರಸಾಯನಶಾಸ್ತ್ರ ಓದಿದೋಳು. ಈ ಪಟ್ಟಿ ನಿಜ ಹೇಳುತ್ತಾ?"

"ಪಟ್ಟಿ ಸುಳ್ಳು ಹೇಳಲ್ಲ ಅಪ್ಪ."

ಅದು ಮೂತ್ರದ ಮಾತನ್ನಷ್ಟೇ ಆಡುತ್ತದೆ, ಮೈಯ ಮಾತನ್ನಲ್ಲ ಎಂದು ಸೇರಿಸಬೇಕಿತ್ತು. ಅವನ ಮುಖ ಅರಳಿದ್ದನ್ನು ನೋಡಿ ಅಷ್ಟಕ್ಕೇ ನಿಲ್ಲಿಸಿದೆ. ಮರುವಾರ ಅವನು ಆಸ್ಪತ್ರೆಯ ಮಾತ್ರೆ ಬಿಟ್ಟ.

ಮೂರು ತಿಂಗಳಾದ ಮೇಲೆ, ಒಂದು ಬುಧವಾರ ಅಪ್ಪನಿಗೆ ಚಳಿಜ್ವರ ಹಿಡಿಯಿತು. ಲಾನ್-ಯಿಂಗ್ ಅಕ್ಕ ಬಾಗಿಲಲ್ಲೇ ನಿಂತು ನಕ್ಕಳು.

"ಒಳ್ಳೇದಾಗೋ ಲಕ್ಷಣ ಕಣೇ ಇದು. ಹಳೇ ಹುಳಿ ಹೊರಗೆ ಹೋಗುವಾಗ ಮೈ ಸುಮ್ನಿರುತ್ತಾ? ಕಸ ಗುಡಿಸಿದ್ರೆ ಧೂಳು ಏಳಲ್ವಾ? ಇನ್ನೊಂದು ಚಮಚ ಜಾಸ್ತಿ ಹಾಕು."

ಅಮ್ಮ ಹಾಕಿದಳು. ಪಟ್ಟಿ ದಿನದಿಂದ ದಿನಕ್ಕೆ ಗಾಢವಾಯಿತು. ಶನಿವಾರ ಬೆಳಿಗ್ಗೆ ಅದು ಹೊಸ ಶಾಯಿಯಷ್ಟು ನೀಲಿ. ಫೋಟೋ ತೆಗೆದು ಅಮ್ಮ ಪಟ್ಟಿಯನ್ನು ನನ್ನ ಕೈಗೆ ಕೊಟ್ಟಳು. ಮೂಗಿಗೆ ಘಾಟು ಬಡಿಯಿತು. ಕಿಟಕಿಯ ಬಿಸಿಲಿಗೆ ಹಿಡಿದು ಕಾದೆ. ಒಣಗುತ್ತ ಹೋದಂತೆ ನೀಲಿ ಆರಿ, ಹಳದಿಗೆ ತಿರುಗಿದ ಹಸಿರು ಉಳಿಯಿತು.

ಕ್ಯಾಲೆಂಡರಿನಿಂದ ಹರಿದ ಹಾಳೆಗಳನ್ನು ಅಮ್ಮ ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತಿದ್ದಳು. ತೆಗೆದು ನೋಡಿದೆ. ಕಳೆದ ತಿಂಗಳ ನೀಲಿಗಳೆಲ್ಲ ನೀಲಿಯಾಗಿಯೇ ಇದ್ದವು. ಗುರುವಾರದ್ದು ಮಾಸಿತ್ತು. ಶುಕ್ರವಾರದ್ದೂ ಮಾಸಿತ್ತು; ಅದನ್ನು ನಾನು ಅವತ್ತೇ ಕಂಡಿದ್ದೆ. ಅಂಟಿನ ದೋಷ ಎಂದುಕೊಂಡಿದ್ದೆ. ಹಾಗೆಂದುಕೊಳ್ಳುವುದು ಸುಲಭವಾಗಿತ್ತು.

"ಅಪ್ಪ, ಇದು ಪುಡಿಯ ನೀಲಿ ಅಲ್ಲ. ಪುಡಿಯದ್ದಾದ್ರೆ ಒಣಗಿದ್ರೂ ಇರುತ್ತೆ. ಇದು ಅಮೋನಿಯಾ, ಹಾರಿಹೋಗುತ್ತೆ. ಮೂತ್ರದ ದಾರಿಯಲ್ಲಿ ಸೋಂಕಾಗಿದೆ, ಆ ಕ್ರಿಮಿಗಳೇ ಇದನ್ನ ಮಾಡೋದು. ಈಗ್ಲೇ ಆಸ್ಪತ್ರೆಗೆ ಹೋಗ್ಬೇಕು."

ಅವನ ಹಲ್ಲು ಕಟಕಟ ಎನ್ನುತ್ತಿದ್ದವು. "ಪಟ್ಟಿ ಸುಳ್ಳು ಹೇಳಲ್ಲ ಅಂದೋಳು ನೀನೇ ಅಲ್ವೇನೆ?"

"ಅವತ್ತು ನಾನು ಪೂರ್ತಿ ಹೇಳ್ಲಿಲ್ಲ ಅಪ್ಪ."

"ಓದಿದ್ದು ಜಾಸ್ತಿಯಾಯ್ತು ಇವಳಿಗೆ," ಎಂದು ಅವನು ಗೋಡೆಯ ಕಡೆ ಹೊರಳಿದ.

ನಾನು ಹೊರಗೆ ಹೋಗಿ ಆಂಬುಲೆನ್ಸಿಗೆ ಫೋನ್ ಮಾಡಿದೆ. ಒಬ್ಬ ಹೆಂಗಸು, ಒಬ್ಬ ಗಂಡಸು ಬಂದರು. ಅವರನ್ನು ಕಂಡು ಅಪ್ಪ ಎದ್ದು ಕುಳಿತು, ಅಂಗಿಯ ಗುಂಡಿ ಹಾಕಿಕೊಂಡ. "ಮಗಳಿಗೆ ಸುಮ್ನೆ ಗಾಬರಿ. ಟೀ ಕುಡ್ಕೊಂಡು ಹೋಗಿ."

ಬರುವುದಿಲ್ಲ ಎಂದವನನ್ನು ಅವರು ಹೊತ್ತೊಯ್ಯುವಂತಿರಲಿಲ್ಲ. ಆಸ್ಪತ್ರೆಗೆ ಬರಲು ಒಲ್ಲೆ ಎಂದು ಅಚ್ಚಾಗಿದ್ದ ಕಾಗದವನ್ನು ಆ ಹೆಂಗಸು ಮುಂದಿಟ್ಟಳು. ಅಮ್ಮ ನನ್ನ ಮುಖ ನೋಡದೆ ಪೆನ್ನು ತಂದುಕೊಟ್ಟಳು. ಅಪ್ಪ ನಿಧಾನವಾಗಿ, ಅಚ್ಚುಕಟ್ಟಾಗಿ ಸಹಿ ಹಾಕಿದ.

ಹೆಂಗಸು ಗುರುತಿನ ಚೀಟಿಯನ್ನೂ ಕಾಗದವನ್ನೂ ಎರಡೆರಡು ಸಲ ನೋಡಿದಳು. "ಚೀಟಿಯಲ್ಲಿ ಶ್ಯು ಛಿಂಗ್-ಮು ಅಂತಿದೆ. ಇಲ್ಲಿ ಶ್ಯು ದೋಂಗ್-ಹೈ ಅಂತ ಬರ್ದಿದೀರಲ್ಲ, ಅಜ್ಜ. ನೀವು ಯಾರು?"

"ದೋಂಗ್-ಹೈ. ಮತ್ಯಾರು?"

ದೋಂಗ್-ಹೈ ಅಪ್ಪನ ತಮ್ಮ. ಸಿಂಪಿಯ ತೆಪ್ಪ ಮಗುಚಿ ಇಪ್ಪತ್ತೊಂದಕ್ಕೇ ಸತ್ತವನು. ನಾನು ಹುಟ್ಟಿದಂದಿನಿಂದ ಆ ಹೆಸರನ್ನು ಅಪ್ಪನ ಎದುರು ಯಾರೂ ಎತ್ತಿದ್ದಿಲ್ಲ. ಅಮ್ಮ ಮಂಚದ ಅಂಚು ಹಿಡಿದುಕೊಂಡಳು.

"ಕರ್ಕೊಂಡ್ ಹೋಗಿ," ಎಂದಳು. ಇನ್ನೊಮ್ಮೆ ಹೇಳಿದಳು.

ತನ್ನ ಹೆಸರೇ ಗೊತ್ತಿಲ್ಲದವನ ಸಹಿಗೆ ಬೆಲೆಯಿರಲಿಲ್ಲ; ಈ ಸಲ ಅವರು ಅಪ್ಪನನ್ನು ಕೇಳಲಿಲ್ಲ. ಗಾಡಿಯೊಳಗೆ ಹೆಂಗಸು ಅವನ ತೋಳಿಗೆ ಪಟ್ಟಿ ಸುತ್ತಿ, ತೀರ ಇಳಿದಿದ್ದ ರಕ್ತದೊತ್ತಡ ನೋಡಿ, ಮತ್ತೊಮ್ಮೆ ನೋಡಿದಳು.

"ಜ್ವರ ಯಾವತ್ತಿಂದ?"

ಅಮ್ಮ ನನ್ನ ಕಡೆ ತಿರುಗಿದಳು.

"ಬುಧವಾರದಿಂದ," ಎಂದೆ.

ಹೆಂಗಸಿನ ಪೆನ್ನು ಕಾಗದದ ಮೇಲೆ ಒಂದು ಗಳಿಗೆ ನಿಂತಿತು. ಅವಳು ಮುಂದಕ್ಕೆ ಬಾಗಿ ಚಾಲಕನ ಹಿಂದಿನ ಗಾಜು ತಟ್ಟಿದಳು. ಅಲ್ಲಿಯವರೆಗೆ ಸದ್ದಿಲ್ಲದೆ ಹೋಗುತ್ತಿದ್ದ ಗಾಡಿ ಸೈರನ್ ಹಾಕಿತು.