ಕೂಸು ಯಾವ ಮಹಡಿಯದು

ಆ ಸಂಶೋಧನಾ ಕೇಂದ್ರದಲ್ಲಿ ರೋಗಗಳಿಗೂ ಮಹಡಿ ಗೊತ್ತುಮಾಡಿದ್ದರು. ಅಂಟುರೋಗಗಳಿಗೆ ಕೆಳಮಹಡಿ, ವಂಶದಲ್ಲಿ ಇಳಿದು ಬರುವ ರೋಗಗಳಿಗೆ ಮೇಲ್ಮಹಡಿ. ಮೂರು ವರ್ಷದ ಹುಡುಗಿಯ ಎದೆಯಲ್ಲಿ ಕಟ್ಟಿದ ಕಫಕ್ಕೆ ಮಾತ್ರ ಈ ಏರ್ಪಾಡು ತಿಳಿದಿರಲಿಲ್ಲ.

ಜ್ವರದಿಂದ ಕಾದ ಮಗುವನ್ನು ಹೆಗಲಿಗೆ ಹಾಕಿಕೊಂಡ ತಾಯಿ, ಹಿಂದೆ ಅವಳ ಅತ್ತೆ, ಬೆಳಗಿನಿಂದ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಕೇಂದ್ರದ ವಾರ್ಡಿನಲ್ಲಿ ಒಂದು ಹಾಸಿಗೆ ಸಿಕ್ಕರೆ ಮಗು ಉಳಿದೀತು. ದೊಡ್ಡ ಮಗಳು ಹೀಗೆಯೇ, ಒಂದು ಸೋಂಕು ವಾಸಿಯಾಗುವಷ್ಟರಲ್ಲಿ ಇನ್ನೊಂದು ಹತ್ತಿ, ಕಣ್ಣೆದುರೇ ಹೋಗಿದ್ದಳು.

ಕೆಳಗಿದ್ದ ಸೋಂಕಿನ ಡಾಕ್ಟರು ಇದನ್ನು ಕೇಳಿ, "ಅಕ್ಕನಿಗೂ ಇತ್ತಾ? ಹಾಗಾದ್ರೆ ವಂಶದ್ದು. ಮೇಲೆ ಹೋಗಿ" ಎಂದರು. ಮೇಲಿನ ಮೇಡಂ ಸ್ಟೆತಸ್ಕೋಪನ್ನು ಕೊರಳಿನಿಂದ ತೆಗೆಯದೆ, "ಜ್ವರ, ಕಫ. ಸೋಂಕಮ್ಮಾ ಇದು. ಕೆಳಗೆ ಹೋಗಿ" ಎಂದರು.

"ನಾವೇನು ಬಾವಿ ಬಿಂದಿಗೆನಾ, ಮೇಲೆ ಕೆಳಗೆ ಆಡೋಕೆ?" ಎಂದಳು ಅತ್ತೆ.

"ಅಜ್ಜಿ, ಇಲ್ಲಿ ಸಂಶೋಧನೆ ನಡೀತಿದೆ."

"ನಡೀಲಿ ತಾಯಿ. ನಡೀತಾ ನಡೀತಾ ಒಂದ್ಸಲ ಈ ಕೂಸಿನ ಮುಖಾನೂ ನೋಡಲಿ."

ಕೇಂದ್ರ ನೋಡಲು ಬಂದಿದ್ದ ಹಿರಿಯ ವಿಜ್ಞಾನಿಯೊಬ್ಬರು ಪಕ್ಕದಲ್ಲೇ ನಿಂತಿದ್ದರು. ಅಕ್ಕನ ಕಥೆ ಕೇಳಿದರು, ಮಗುವಿನ ಬಾಯಿ ತೆರೆಸಿ ನೋಡಿದರು. "ಸೋಂಕು ತಡೆಯೋ ಜೀನೇ ಕೆಟ್ಟಿರಬಹುದು. ಬಹಳ ಅಪರೂಪದ ಕೇಸು" ಎಂದು ಹೇಳಿ ಊಟಕ್ಕೆ ಹೋದರು.

ಅಷ್ಟೇ ಸಾಕಾಯಿತು. ಸುದ್ದಿ ಕೇಳಿ ಕೆಳಗಿನವರಿಗೆ ಕಾಲು ಬಂತು, ಮೇಲಿನವರಿಗೆ ಕರುಳು ಬಂತು.

"ಈ ಮಗು ಮೊದಲು ನಮ್ಮಲ್ಲಿಗೇ ಬಂದಿದ್ದು" ಎಂದರು ಡಾಕ್ಟರು.

"ಮೇಲೆ ಅಟ್ಟಿದ್ದೂ ನೀವೇ ಅಲ್ವಾ?" ಎಂದರು ಮೇಡಂ.

ಇಬ್ಬರ ಕೈಯಲ್ಲೂ ರಕ್ತದ ಟ್ಯೂಬು, ಒಪ್ಪಿಗೆಯ ಕಾಗದ. ಈ ಕೇಸಿನ ಸಂಶೋಧನಾ ಪ್ರಬಂಧದಲ್ಲಿ ಯಾರ ಹೆಸರು ಮೊದಲು ಎಂಬ ಜ್ವರ ಮಗುವಿನ ಜ್ವರವನ್ನೂ ಮೀರಿಸಿತ್ತು.

ತಾಯಿ ಮಗುವಿನ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದಳು.

"ಹಾಸಿಗೆ ಎಲ್ಲಿ?"

"ಮೊದಲು ಸಹಿ ಹಾಕಮ್ಮ. ಆಮೇಲೆ ವಿಚಾರಿಸೋಣ."

"ದೊಡ್ಡವಳಿಗೂ ಎಲ್ಲರೂ ಆಮೇಲೆ ಅಂದಿದ್ರು ಸಾರ್. ಇವಳು ಮಲಗಲಿ, ಔಷಧಿ ಶುರುವಾಗಲಿ. ಚಿಕಿತ್ಸೆಗೆ ಎಷ್ಟು ರಕ್ತ ಬೇಕೋ ತಗೊಳ್ಳಿ. ನಿಮ್ಮ ಸಂಶೋಧನೆಗೆ ಅಲ್ಲೀವರೆಗೆ ಒಂದು ಹನಿನೂ ಇಲ್ಲ."

ಬೆಳಗಿನಿಂದ ಇಲ್ಲದ ಹಾಸಿಗೆ ಇದ್ದಕ್ಕಿದ್ದಂತೆ ಹುಟ್ಟಿತು. ಮಡಿಸಿದ ಹೊದಿಕೆಯೂ ಅದರ ಮೇಲಿತ್ತು. ನರ್ಸು ಸೂಜಿ ಕೂರಿಸಿದಳು. ಔಷಧಿ ಇಳಿಯತೊಡಗಿತು, ಮಗು ಒಮ್ಮೆ ನರಳಿ ತಾಯಿಯ ಬೆರಳು ಹಿಡಿಯಿತು.

ಎರಡು ಬಿಳಿ ಕೋಟುಗಳು ಕಾಗದ ಹಿಡಿದು ಬಾಗಿಲಿಗೆ ಬಂದವು. ಅತ್ತೆ ಸ್ಟೂಲು ಎಳೆದು ಹೊಸ್ತಿಲಿಗೆ ಅಡ್ಡ ಕೂತಳು.

"ಸಹಿ ಹಾಕೋಳು ಮಗೂನ ನೋಡ್ಕೋತಿದ್ದಾಳೆ. ಕಾಯಿರಿ. ಕಾಯೋದು ಹೇಗೆ ಅಂತ ಗೊತ್ತಿಲ್ದಿದ್ರೆ ನಾನು ಹೇಳ್ಕೊಡ್ತೀನಿ."